ಮಣೆಯ ಮೇಲಣ ಬಲಿ: ‘ಗಾಡ್ ವಾರ್ಸ್’ ಎಂಬ ಜಪಾನೀ ಆಟದ ವಿಮರ್ಶೆ

ಚದುರಂಗದಲ್ಲಿ ಕಾಯಿಯನ್ನು ಬಿಟ್ಟುಕೊಡುವುದೂ ಒಂದು ವಿದ್ಯೆ. ಪದಾತಿಯೊಂದನ್ನು ಎದುರಾಳಿಯ ಬಾಯಿಗೊಡ್ಡಿ, ಅದರ ಬದಲಿಗೆ ಎರಡು ನಡೆಗಳ ಅನುಕೂಲವನ್ನು ಪಡೆಯುವವನನ್ನು ಕಂಡು ಸುತ್ತ ಕುಳಿತವರು ತಲೆದೂಗುವರು. ಬಿದ್ದ ಪದಾತಿಗಾಗಿ ಮರುಗುವವರು ಒಬ್ಬರೂ ಇರಲಾರರು. ಕಾಯಿಗೆ ಹೆಸರಿಲ್ಲ, ತಾಯಿಯಿಲ್ಲ. ಆಟ ಮುಗಿದೊಡನೆ ರಾಜನೂ ಪದಾತಿಯೂ ಒಂದೇ ಪೆಟ್ಟಿಗೆಯನ್ನು ಸೇರುವುವು. ಆದರೆ ಆ ಕಾಯಿಗೆ ಹೆಸರನ್ನಿತ್ತು, ಮುಖವನ್ನಿತ್ತು, ಅದು ಮಣೆಗೆ ಬರುವ ಮುನ್ನ ತನ್ನ ಮನೆಯ ಸುಖದುಃಖವನ್ನು ಹೇಳಿಕೊಳ್ಳುವಂತೆ ಮಾಡಿದರೆ ಆಟದ ಗತಿಯೇನು? ಆಗಲೂ ಆಟಗಾರನು ಅದನ್ನು ಅಷ್ಟೇ ನಿಶ್ಚಿಂತೆಯಿಂದ ಬಿಟ್ಟುಕೊಡಬಲ್ಲನೆ? ಜಪಾನಿನಲ್ಲಿ ಬೆಳೆದ ಒಂದು ಜಾತಿಯ ವಿಡಿಯೊ ಆಟಗಳು ಈ ಪ್ರಶ್ನೆಯಿಂದಲೇ ಜೀವವನ್ನು ಪಡೆದಿವೆಯೆನ್ನಬಹುದು.

ಈ ಜಾತಿಯ ಆಟದ ಸ್ವರೂಪವನ್ನು ಮೊದಲು ತಿಳಿಯಬೇಕು. ತೆರೆಯ ಮೇಲೆ ಗುಡ್ಡ, ತೊರೆ, ಮೆಟ್ಟಿಲು, ಗೋಡೆಗಳಿಂದ ಕೂಡಿದ ಒಂದು ರಣಭೂಮಿ ಕಾಣಿಸುವುದು. ಅದು ಚದುರಂಗದ ಮಣೆಯಂತೆ ಮನೆಮನೆಯಾಗಿ ವಿಂಗಡವಾಗಿರುವುದು. ಆಟಗಾರನು ಐದಾರು ಮಂದಿ ವೀರರನ್ನು ಒಬ್ಬೊಬ್ಬರನ್ನಾಗಿ ಸರದಿಯ ಮೇಲೆ ನಡೆಸುವನು. ಎತ್ತರದ ಮನೆಯಲ್ಲಿ ನಿಂತವನಿಗೆ ಬಾಣದ ಅನುಕೂಲ, ಬೆನ್ನ ಹಿಂದೆ ಸೇರಿದವನಿಗೆ ಪೆಟ್ಟಿನ ಅನುಕೂಲ. ಒಂದು ಕಾಳಗಕ್ಕೂ ಇನ್ನೊಂದಕ್ಕೂ ನಡುವೆ ಕಥೆ ಸಾಗುವುದು. ವೀರರು ಅನುಭವವನ್ನು ಗಳಿಸಿ ಹೊಸ ವಿದ್ಯೆಗಳನ್ನು ಕಲಿಯುವರು. ಒಂದು ಕಡೆ ಕಾದಂಬರಿ, ಇನ್ನೊಂದು ಕಡೆ ಚದುರಂಗ. ಭರತಖಂಡದ ಚತುರಂಗವೇ ದೇಶದಿಂದ ದೇಶಕ್ಕೆ ಸಾಗಿ ಜಪಾನಿನಲ್ಲಿ ‘ಶೋಗಿ’ ಎಂಬ ಆಟವಾಯಿತೆಂದು ವಿದ್ವಾಂಸರು ಎಣಿಸುವುದರಿಂದ, ಈ ಹೊಸ ಕಲೆಯ ಹಳೆಯ ಬೇರು ನಮ್ಮ ನೆಲಕ್ಕೆ ತೀರ ಪರಕೀಯವೂ ಅಲ್ಲ.

ಈ ಪರಂಪರೆಯಲ್ಲಿ ಮೂರು ಆಟಗಳ ಹೆಸರು ದೊಡ್ಡದು. 1990ರಲ್ಲಿ ಹೊರಬಂದ ‘ಫೈರ್ ಎಂಬ್ಲಮ್’ ಮೊದಲನೆಯದು. 1995ರ ‘ಟ್ಯಾಕ್ಟಿಕ್ಸ್ ಓಗರ್’ ಎರಡನೆಯದು. 1997ರ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಮೂರನೆಯದು. ಕಡೆಯ ಎರಡಕ್ಕೂ ನಿರ್ದೇಶಕನು ಯಾಸುಮಿ ಮಾತ್ಸುನೊ ಎಂಬವನೇ. ವಿಚಿತ್ರವೆಂದರೆ, ಜಪಾನೀಯರೇ ರಚಿಸಿದ ಈ ಮೂರೂ ಕೃತಿಗಳ ವೇಷಭೂಷಣವು ಯೂರೋಪಿನದು: ಕೋಟೆಗಳು, ಕುದುರೆಯೇರಿದ ಉಕ್ಕಿನ ಕವಚದ ಸರದಾರರು, ಮಠಾಧಿಪತಿಗಳು, ಸಿಂಹಾಸನಕ್ಕಾಗಿ ಹೋರಾಡುವ ಮನೆತನಗಳು. ಅವರ ಸ್ವಂತ ದೇಶದ ಪುರಾಣಭಂಡಾರವು ಈ ಮಣೆಯಿಂದ ಬಹುಮಟ್ಟಿಗೆ ದೂರವೇ ಉಳಿದಿತ್ತು. ಈ ಕೊರತೆಯನ್ನು ತುಂಬಲೆಂದು ಹೊರಟ ಕೃತಿಯೇ ಕಡೊಕಾವಾ ಗೇಮ್ಸ್ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ‘ಗಾಡ್ ವಾರ್ಸ್’. ಅದರ ಆಟದ ಕ್ರಮವು ಬೇಕೆಂದೇ ಹಳೆಯದು, ಆ ಹಿರಿಯ ಆಟಗಳ ಜಾಡಿನಲ್ಲೇ ನಡೆಯುವಂಥದು. ವಸ್ತುವು ಮಾತ್ರ ‘ಕೊಜಿಕಿ’ ಮೊದಲಾದ ಜಪಾನಿನ ಪ್ರಾಚೀನ ಗ್ರಂಥಗಳಿಂದಲೂ ಜನಪದ ಕಥೆಗಳಿಂದಲೂ ತೆಗೆದುಕೊಂಡುದು.

ಕಥೆಯ ಆರಂಭವು ಗಂಭೀರವಾಗಿದೆ. ಮಿಜುಹೊ ಎಂಬ ನಾಡಿನಲ್ಲಿ ಫುಜಿ, ಹ್ಯೂಗ, ಇಜುಮೊ ಎಂಬ ಮೂರು ರಾಜ್ಯಗಳು. ಪ್ರಕೃತಿಯು ಕೆರಳಿದೆ, ಬೆಂಕಿಯ ಬೆಟ್ಟವು ಉರಿಯುತ್ತಿದೆ. ದೇವತೆಗಳ ಕೋಪವನ್ನು ಶಮನಗೊಳಿಸಲು ಫುಜಿಯ ರಾಣಿ ತ್ಸುಕುಯೋಮಿಯು ತನ್ನ ಮಗಳು ಸಾಕುಯಳನ್ನು ಆ ಬೆಟ್ಟಕ್ಕೆ ಬಲಿಯಾಗಿ ಅರ್ಪಿಸುವಳು. ಇನ್ನೊಬ್ಬ ಮಗಳು ಕಾಗುಯಳನ್ನು ಬಿದಿರಿನ ಹಳ್ಳಿಯ ಗುಡಿಯೊಂದರಲ್ಲಿ ಸೆರೆಯಿಟ್ಟು ತಾನು ಕಣ್ಮರೆಯಾಗುವಳು. 13 ವರ್ಷಗಳು ಕಳೆದ ಮೇಲೆ ಬಾಲ್ಯದ ಗೆಳೆಯನಾದ ಕಿನ್‌ತಾರೊ ಎಂಬ ಬಲಶಾಲಿಯು ಆಕೆಯನ್ನು ಸೆರೆಯಿಂದ ಬಿಡಿಸುವನು. ತನ್ನ ತಾಯಿಯೆಲ್ಲಿ, ಅಕ್ಕನನ್ನು ಏಕೆ ಬೆಂಕಿಗಿತ್ತಳು, ತನ್ನನ್ನೇಕೆ ಬಂಧಿಸಿದಳು ಎಂಬುದನ್ನು ತಿಳಿಯಲು ಕಾಗುಯಳು ಹೊರಡುವಳು. ಮುಂದಿನ ಕಥೆಯನ್ನೆಲ್ಲ ಬಿಚ್ಚಿಡುವುದು ಆಡಲಿರುವವರ ಸಂತೋಷಕ್ಕೆ ಭಂಗ. ನಾಡನ್ನುಳಿಸಲು ಒಂದು ಜೀವವನ್ನು ಕೊಡಬಹುದೆ, ಕೊಡುವ ಅಧಿಕಾರವು ತಾಯಿಗಾದರೂ ಉಂಟೆ, ಎಂಬ ಪ್ರಶ್ನೆಯೇ ಕೃತಿಯ ಬೀಜವೆಂದು ಹೇಳಿದರೆ ಸಾಕು.

ಮೂಲಕಥೆಗಳನ್ನು ಬಲ್ಲವರಿಗೆ ಇಲ್ಲಿನ ಮಾರ್ಪಾಟುಗಳು ಕುತೂಹಲವನ್ನುಂಟುಮಾಡುವುವು. ಕ್ರಿ. ಶ. 712ರಲ್ಲಿ ಓ ನೊ ಯಾಸುಮಾರೊ ಎಂಬ ವಿದ್ವಾಂಸನು ಬರೆದೊಪ್ಪಿಸಿದ ಕೊಜಿಕಿಯಲ್ಲಿ ತ್ಸುಕುಯೋಮಿಯು ಚಂದ್ರದೇವತೆ. ಆದಿದೇವನಾದ ಇಜಾನಾಗಿಯು ಸತ್ತ ಹೆಂಡತಿಯನ್ನು ಹುಡುಕುತ್ತ ಯೋಮಿಯೆಂಬ ಮೃತ್ಯುಲೋಕಕ್ಕೆ ಹೋಗಿ, ಆಕೆಯ ಕೊಳೆತ ದೇಹವನ್ನು ಕಂಡು ಓಡಿಬಂದು, ಅಲ್ಲಿಯ ಮೈಲಿಗೆಯನ್ನು ನೀರಿನಲ್ಲಿ ತೊಳೆದುಕೊಂಡನು. ಎಡಗಣ್ಣನ್ನು ತೊಳೆಯುವಾಗ ಸೂರ್ಯದೇವತೆ ಅಮತೆರಾಸು, ಬಲಗಣ್ಣನ್ನು ತೊಳೆಯುವಾಗ ತ್ಸುಕುಯೋಮಿ, ಮೂಗನ್ನು ತೊಳೆಯುವಾಗ ಸುಸಾನೊ ಹುಟ್ಟಿದರು. ಉಳಿದಿಬ್ಬರ ಕಥೆಯು ಮುಂದೆ ಬಹಳವಾಗಿ ಬೆಳೆಯುವುದು. ತ್ಸುಕುಯೋಮಿಗೆ ಇರುಳಿನ ರಾಜ್ಯವನ್ನು ವಹಿಸಿದ ಮೇಲೆ ಗ್ರಂಥವು ಆ ದೇವತೆಯ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗುವುದು. ಸಂಪ್ರದಾಯದಲ್ಲಿ ಪುರುಷನೆಂದೇ ಎಣಿಸಿಕೊಂಡುಬಂದ ಈ ದೇವತೆಯನ್ನು ಆಟದ ರಚಕರು ಹೆಂಗಸನ್ನಾಗಿಯೂ ತಾಯಿಯನ್ನಾಗಿಯೂ ಮಾಡಿದ್ದಾರೆ. ಪುರಾಣವು ಮೌನವಾದ ಸ್ಥಳದಲ್ಲಿ ಕವಿಯು ಮಾತನಾಡುವುದು ಅಪರಾಧವಲ್ಲ. ಮಾತಿಲ್ಲದ ಚಂದ್ರನಿಗೆ ಹೇಳಲಾಗದ ದುಃಖವೊಂದನ್ನು ಕೊಟ್ಟುದು ಔಚಿತ್ಯವನ್ನು ಬಲ್ಲವರ ಕೆಲಸ.

ಸಾಕುಯಳ ವಿಷಯದಲ್ಲಿ ಮಾರ್ಪಾಟು ಇನ್ನೂ ಆಳವಾದುದು. ಕೊಜಿಕಿಯಲ್ಲಿ ಕೊನೊಹಾನಾ ಸಾಕುಯಳು ಅರಳುವ ಹೂವಿನ ದೇವತೆ. ಒಂದೇ ರಾತ್ರಿಯ ಸಂಗದಿಂದ ಗರ್ಭಿಣಿಯಾದಳೆಂದು ಗಂಡನಾದ ನಿನಿಗಿಯು ಶಂಕಿಸಲು, ಆಕೆಯು ಬಾಗಿಲಿಲ್ಲದ ಮನೆಯೊಂದನ್ನು ಹೊಕ್ಕು, ಹೆರುವ ಹೊತ್ತಿಗೆ ತಾನೇ ಅದಕ್ಕೆ ಬೆಂಕಿಯಿಟ್ಟು, ಉರಿಯ ನಡುವೆ ಮೂವರು ಮಕ್ಕಳನ್ನು ಸುಖವಾಗಿ ಹೆತ್ತಳು. ಈ ಬೆಂಕಿಯನ್ನು ಗೆದ್ದ ದೇವಿಯನ್ನೇ ಜನರು ಬಳಿಕ ಫುಜಿಪರ್ವತದ ಅಧಿದೇವತೆಯೆಂದು ಪೂಜಿಸಿದರು. ಹಳೆಯ ಕಥೆಯಲ್ಲಿ ಅವಳು ತಾನಾಗಿ ಆರಿಸಿಕೊಂಡ ಬೆಂಕಿಯು, ಹೊಸ ಕಥೆಯಲ್ಲಿ ಇತರರು ಅವಳಿಗಾಗಿ ಆರಿಸಿದ ಬೆಂಕಿಯಾಗಿದೆ. ಕಾಗುಯಳ ಬಿದಿರೂ ಹೀಗೆಯೇ. ಬಿದಿರು ಕಡಿಯುವ ಮುದುಕನ ಪ್ರಾಚೀನ ಕಥೆಯಲ್ಲಿ ಹೊಳೆಯುವ ಬಿದಿರಿನ ಗಿಣ್ಣಿನಿಂದ ಆಕೆಯು ಹೊರಬರುವಳು. ಅದು ಅವಳ ಜನ್ಮಸ್ಥಾನ. ಆಟದಲ್ಲಿ ಅದೇ ಬಿದಿರು ಸೆರೆಮನೆ. ಎರಡೂ ಕಡೆ ಪುರಾಣದ ವಸ್ತುವನ್ನು ಹಾಗೆಯೇ ಉಳಿಸಿ ಇಚ್ಛೆಯನ್ನು ಮಾತ್ರ ಕಸಿದುಕೊಂಡಿರುವರು. ಆ ಕಸಿತದಿಂದಲೇ ಕರುಣರಸವು ಹುಟ್ಟುವುದು. ಕೃತಿಯ ಅತ್ಯುತ್ತಮ ಭಾಗವಿದು.

ಆದರೆ ಇದೇ ವಿವೇಕವು ಎಲ್ಲ ಕಡೆಯಲ್ಲಿಯೂ ಉಳಿದಿಲ್ಲ. ಕಥೆಯು ಮುಂದುವರಿದಂತೆ ಜಪಾನಿನ ಮಕ್ಕಳೆಲ್ಲ ಬಲ್ಲ ವೀರರು ಒಬ್ಬರ ಹಿಂದೊಬ್ಬರು ಬಂದು ಸೇರುವರು: ಪೀಚ್ ಹಣ್ಣಿನಿಂದ ಹುಟ್ಟಿದ ಮೊಮೊತಾರೊ, ಆಮೆಯನ್ನು ಕಾಪಾಡಿ ಸಮುದ್ರದಡಿಯ ಅರಮನೆಗೆ ಹೋದ ಉರಾಶಿಮಾ, ಕರಡಿಯೊಡನೆ ಸೆಣಸಿ ಬೆಳೆದ ಕಿನ್‌ತಾರೊ. ದೇವಯುಗದ ಪಾತ್ರಗಳೂ ಅಜ್ಜಿಯ ಕಥೆಯ ಪಾತ್ರಗಳೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವರು. ಇವರಲ್ಲಿ ಕೆಲವರು ತಮ್ಮ ಕಥೆಯ ಭಾರವನ್ನು ಹೊತ್ತು ಬರುವುದಿಲ್ಲ. ವೇಷವನ್ನು ಮಾತ್ರ ಹೊತ್ತು ಬರುವರು. ಉರಾಶಿಮನ ಕಥೆಯ ತಿರುಳು, ಅರಮನೆಯ ಸುಖದಲ್ಲಿ ಕಳೆದ ಕೆಲವು ದಿನಗಳು ಭೂಮಿಯ ಮೇಲೆ ನೂರಾರು ವರ್ಷಗಳಾಗಿದ್ದುವೆಂಬ ದಾರುಣವಾದ ಅರಿವು. ಆ ಅರಿವನ್ನು ಬಿಟ್ಟು ಮೀನುಗಾರನ ಹೆಸರನ್ನು ಮಾತ್ರ ಇಟ್ಟುಕೊಂಡರೆ, ಹೆಸರು ಬೇರೆಯಾದ ಮತ್ತೊಬ್ಬ ಸಿಪಾಯಿಯು ದೊರೆತಂತಾಗುವುದೇ ಹೊರತು ಉರಾಶಿಮನು ದೊರೆಯುವುದಿಲ್ಲ. ಚಿತ್ರಪಟಗಳ ಮೂಲಕ, ಜಪಾನಿನ ಚಿತ್ರಕಥೆಯ ಮಾದರಿಯಲ್ಲಿ ನಡೆಯುವ ಸಂಭಾಷಣೆಗಳು ನೋಡಲು ಅಂದವಾಗಿದ್ದರೂ ಹಲವೆಡೆ ಬೇಕಾದುದಕ್ಕಿಂತ ದೀರ್ಘವಾಗಿವೆ.

ಪುರಾಣವು ಕೃತಿಯ ವೇಷದಲ್ಲಿ ಮಾತ್ರವಲ್ಲದೆ ಅದರ ಎಲುಬಿನಲ್ಲಿಯೂ ಸೇರಿಕೊಂಡಿದೆಯೆ ಎಂಬುದೇ ಇಂಥ ಆಟಕ್ಕೆ ಸಲ್ಲಬೇಕಾದ ನಿಜವಾದ ಪರೀಕ್ಷೆ. ಕಾವ್ಯಕ್ಕೆ ಛಂದಸ್ಸು ಹೇಗೋ ಆಟಕ್ಕೆ ನಿಯಮವು ಹಾಗೆ. ಭಾವವು ನಿಯಮದೊಳಗೆ ಇಳಿಯದಿದ್ದರೆ ಅದು ಹೊರಗಣ ಅಲಂಕಾರವಾಗಿಯೇ ಉಳಿಯುವುದು. ಈ ಪರೀಕ್ಷೆಯಲ್ಲಿ ‘ಗಾಡ್ ವಾರ್ಸ್’ ಒಂದು ಕಡೆ ಚೆನ್ನಾಗಿ ತೇರ್ಗಡೆಯಾಗಿದೆ.

ಆಟದ ಪ್ರತಿಯೊಂದು ಪಾತ್ರಕ್ಕೂ ‘ಮೈಲಿಗೆ’ಯ ಒಂದು ಲೆಕ್ಕವುಂಟು. ಕಾಳಗದಲ್ಲಿ ಕೆಲಸಗಳನ್ನು ಮಾಡುತ್ತ ಹೋದಂತೆ ಮೈಲಿಗೆಯು ಏರುವುದು. ಮೈಲಿಗೆಯು ಹೆಚ್ಚಿದವನನ್ನೇ ಶತ್ರುಗಳು ಅರಸಿ ಹೊಡೆಯುವರು. ಅದನ್ನು ತಗ್ಗಿಸುವ ವಿದ್ಯೆಗಳೂ ಉಂಟು, ಬೇಕೆಂದೇ ಮೇಲೆಳೆದುಕೊಳ್ಳುವ ವಿದ್ಯೆಗಳೂ ಉಂಟು. ಇಷ್ಟು ಸಣ್ಣ ನಿಯಮದಲ್ಲಿ ಎಷ್ಟು ಅರ್ಥವು ಅಡಗಿದೆಯೆಂಬುದನ್ನು ಗಮನಿಸಬೇಕು. ಸಾವು, ರಕ್ತ, ಕೊಳೆತಗಳ ಸಂಪರ್ಕದಿಂದ ಮೈಲಿಗೆಯಾಗುವುದೆಂಬ, ನೀರಿನಿಂದಲೂ ಪ್ರಾರ್ಥನೆಯಿಂದಲೂ ಅದು ಕಳೆಯುವುದೆಂಬ ನಂಬಿಕೆಯು ಜಪಾನೀಯರ ಶಿಂಟೊ ಧರ್ಮದ ಮೂಲಭಾವಗಳಲ್ಲೊಂದು. ಇಜಾನಾಗಿಯ ಸ್ನಾನದಿಂದಲೇ ದೇವತೆಗಳು ಹುಟ್ಟಿದರೆಂಬ ಕಥೆಯು ಅದೇ ಭಾವದ ಪುರಾಣರೂಪ. ಯುದ್ಧಮಾಡಿದವನ ಕೈಗೆ ಕೊಳೆಯು ಅಂಟದಿರದು ಎಂಬ ಮಾತನ್ನು ಯಾವ ಪಾತ್ರವೂ ಉಪದೇಶಿಸಬೇಕಾಗಿಲ್ಲ. ಆಟಗಾರನು ತನ್ನ ವೀರರನ್ನು ನಡೆಸುತ್ತಲೇ ಅದನ್ನು ಅನುಭವಿಸಿ ತಿಳಿಯುವನು. ಅದಕ್ಕಿಂತಲೂ ಸೊಗಸಾದುದು ಇನ್ನೊಂದುಂಟು. ತಂಡದಲ್ಲಿ ದುರ್ಬಲನಾದವನು ಅಪಾಯದಲ್ಲಿರುವಾಗ ಗಟ್ಟಿಯಾದ ಇನ್ನೊಬ್ಬನು ಮೈಲಿಗೆಯನ್ನು ತಾನಾಗಿ ಮೇಲೆಳೆದುಕೊಂಡು ಪೆಟ್ಟುಗಳೆಲ್ಲ ತನ್ನ ಕಡೆ ತಿರುಗುವಂತೆ ಮಾಡಬಹುದು. ಇತರರಿಗಾಗಿ ಅಶುಚಿಯಾಗಲು ಒಪ್ಪುವ ಈ ನಡೆಯು, ಆಟದಲ್ಲಿ ದಿನನಿತ್ಯದ ತಂತ್ರವಾಗಿದ್ದರೂ, ಅಂತರಾರ್ಥದಲ್ಲಿ ಒಂದು ಸಣ್ಣ ತ್ಯಾಗವೇ ಸರಿ.

ಈ ಸೊಗಸನ್ನು ಕಂಡ ಮೇಲೆ ಮುಂದಿನ ಕೊರತೆಯು ಇನ್ನಷ್ಟು ಖೇದವನ್ನುಂಟುಮಾಡುವುದು. ಕಥೆಯ ಬೀಜವು ಬಲಿ. ಒಂದು ಜೀವದ ಬೆಲೆಯೇನೆಂಬುದು ಅದರ ಪ್ರಶ್ನೆ. ಆದರೆ ಮಣೆಯ ಮೇಲೆ ಜೀವಕ್ಕೆ ಬೆಲೆಯೇ ಇಲ್ಲ. ಕಾಳಗದಲ್ಲಿ ಬಿದ್ದ ವೀರನು ಕಾಳಗವು ಮುಗಿದ ಬಳಿಕ ಎಂದಿನಂತೆ ಎದ್ದು ನಿಲ್ಲುವನು. ಆದುದರಿಂದ ಆಟಗಾರನು ಗೆಲುವಿಗೋಸ್ಕರ ಯಾರನ್ನು ಬೇಕಾದರೂ ಶತ್ರುವಿನ ಬಾಯಿಗೆ ಒಡ್ಡಬಹುದು. ಇದೀಗ ತಾನೆ ‘ಯಾವ ಮಗುವನ್ನೂ ಬಲಿಗೊಡಬಾರದು’ ಎಂದು ಕಾಗುಯಳ ಪರವಾಗಿ ಮರುಗಿದ ಅದೇ ಆಟಗಾರನು, ಮರುಕ್ಷಣದಲ್ಲಿ ಅವಳನ್ನೇ ಮುಂದೆ ನಿಲ್ಲಿಸಿ ಬೀಳಗೊಟ್ಟು ಕಾಳಗವನ್ನು ಗೆದ್ದರೆ, ಆಟವು ಅವನನ್ನು ಏನನ್ನೂ ಕೇಳುವುದಿಲ್ಲ. ಕಥೆಯಲ್ಲಿ ತ್ಸುಕುಯೋಮಿಯನ್ನು ಪ್ರಶ್ನಿಸುವ ಕೃತಿಯು ಮಣೆಯ ಮೇಲೆ ಆಟಗಾರನನ್ನು ತ್ಸುಕುಯೋಮಿಯನ್ನಾಗಿ ಮಾಡಿ, ಅದನ್ನು ಅವನಿಗೆ ತಿಳಿಸದೆಯೇ ಬಿಟ್ಟುಬಿಡುವುದು. ಕಥೆಯೂ ಆಟವೂ ಒಂದೇ ಮನೆಯಲ್ಲಿದ್ದು ಒಂದಕ್ಕೊಂದು ಮಾತು ಬಿಟ್ಟ ಅಣ್ಣತಮ್ಮಂದಿರಂತೆ ಇರುವುವು.

ಹಿರಿಯ ಆಟಗಳು ಈ ಸ್ಥಳದಲ್ಲಿ ಹೇಗೆ ನಡೆದುಕೊಂಡುವು ಎಂಬುದನ್ನು ನೆನೆದರೆ ಭೇದವು ಸ್ಪಷ್ಟವಾಗುವುದು. ‘ಫೈರ್ ಎಂಬ್ಲಮ್’ನಲ್ಲಿ ಬಿದ್ದವನು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ಅವನ ಹೆಸರು ತಂಡದಿಂದ ಅಳಿಸಿಹೋಗುವುದು. ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ನಲ್ಲಿ ಬಿದ್ದವನ ತಲೆಯ ಮೇಲೆ ಮೂರರಿಂದ ಕೆಳಗೆ ಎಣಿಕೆಯು ನಡೆಯುವುದು, ಅದು ಮುಗಿಯುವುದರೊಳಗೆ ಯಾರಾದರೂ ಓಡಿಬಂದು ಎಬ್ಬಿಸದಿದ್ದರೆ ಅವನು ಶಾಶ್ವತವಾಗಿ ಇಲ್ಲವಾಗುವನು. ಆ ಮೂರು ಸರದಿಗಳಲ್ಲಿ, ಗೆಲುವನ್ನು ಬಿಟ್ಟು ಗೆಳೆಯನ ಕಡೆಗೆ ಓಡುವುದೋ ಗೆಳೆಯನನ್ನು ಬಿಟ್ಟು ಗೆಲುವಿನ ಕಡೆಗೆ ಓಡುವುದೋ ಎಂಬ ಧರ್ಮಸಂಕಟವು ಯಾವ ಸಂಭಾಷಣೆಯೂ ಇಲ್ಲದೆ ಆಟಗಾರನ ಎದೆಯಲ್ಲಿಯೇ ನಡೆಯುವುದು. ‘ಟ್ಯಾಕ್ಟಿಕ್ಸ್ ಓಗರ್’ ಇನ್ನೂ ಮುಂದೆ ಹೋಗಿದೆ. ಅದರ ಮೊದಲ ಅಧ್ಯಾಯದ ಕೊನೆಯಲ್ಲಿ, ಬಾಲ್ಮಮುಸ ಎಂಬ ಊರಿನ ಸ್ವಜನರನ್ನೇ ಕೊಂದು, ಆ ಪಾಪವನ್ನು ಶತ್ರುಗಳ ತಲೆಗೆ ಕಟ್ಟಿ, ಜನರನ್ನು ಯುದ್ಧಕ್ಕೆ ಕೆರಳಿಸಬೇಕೆಂದು ನಾಯಕನಿಗೆ ಆಜ್ಞೆಯಾಗುವುದು. ಒಪ್ಪುವುದೂ ನಿರಾಕರಿಸುವುದೂ ಆಟಗಾರನ ಕೈಯಲ್ಲಿ. ಯಾವುದನ್ನು ಆರಿಸಿದರೂ ಮುಂದಿನ ಕಥೆಯು ಆ ಆಯ್ಕೆಯ ಜಾಡಿನಲ್ಲಿಯೇ ನಡೆಯುವುದು. ಪರದೇಶದ ವೇಷವನ್ನು ಧರಿಸಿದ್ದರೂ ಆ ಆಟವು ಬಲಿಯ ಪ್ರಶ್ನೆಯನ್ನು ಆಡುವವನ ಅಂಗೈಯ ಮೇಲೆ ಇಟ್ಟಿತು. ಸ್ವದೇಶದ ವೇಷವನ್ನು ಧರಿಸಿದ ‘ಗಾಡ್ ವಾರ್ಸ್’ ಅದನ್ನು ಚಿತ್ರಪಟದಲ್ಲಿ ತೋರಿಸಿ ಮುಂದೆ ಸಾಗಿತು.

ಇದಕ್ಕೆ ಒಂದು ಸಮಾಧಾನವನ್ನು ಹೇಳಬಹುದು. ಬಿದ್ದವರು ಮರಳಿ ಬಾರದ ಆಟಗಳಲ್ಲಿ ಎಷ್ಟೋ ಮಂದಿ ಆಟಗಾರರು, ಒಬ್ಬನು ಬಿದ್ದೊಡನೆ ಯಂತ್ರವನ್ನು ನಿಲ್ಲಿಸಿ ಕಾಳಗವನ್ನು ಮೊದಲಿಂದ ಆಡುವರು; ಆದುದರಿಂದ ಅಲ್ಲಿಯೂ ಮರಣವು ಹೆಸರಿಗೆ ಮಾತ್ರ. ಅಂಥ ಕಷ್ಟವನ್ನು ಕಳೆದು ಕಥೆಯನ್ನು ಸುಲಭವಾಗಿ ಸವಿಯಗೊಟ್ಟುದು ದಯೆಯಲ್ಲವೆ? ಈ ವಾದವನ್ನು ಹಗುರವಾಗಿ ತಳ್ಳಿಬಿಡಲಾಗದು. ಆದರೆ ಕಾಳಗವನ್ನು ಮತ್ತೆ ಮೊದಲಿಂದ ಆಡುವವನು ಏಕೆ ಹಾಗೆ ಮಾಡುವನು? ಆ ಒಬ್ಬನನ್ನು ಬಿಟ್ಟು ಮುಂದೆ ಹೋಗಲು ಅವನಿಗೆ ಮನಸ್ಸಿಲ್ಲ. ಗಂಟೆಗಳ ಶ್ರಮವನ್ನು ತೆತ್ತಾದರೂ ಒಂದು ಜೀವವನ್ನು ಉಳಿಸಿಕೊಳ್ಳಬೇಕೆಂಬ ಆ ಹಟವೇ, ಯಾರನ್ನೂ ಬಲಿಗೊಡಲಾರೆನೆಂಬ ಕಾಗುಯಳ ಹಟ. ಆ ಹಟವನ್ನು ಅನಾವಶ್ಯಕವನ್ನಾಗಿ ಮಾಡಿದ ನಿಯಮವು, ಕೃತಿಯು ಹೇಳಲು ಹೊರಟ ಮಾತನ್ನು ಆಟಗಾರನ ಬಾಯಿಂದಲೇ ಹೇಳಿಸುವ ಅವಕಾಶವನ್ನು ಕಳೆದುಕೊಂಡಿತು.

ಇನ್ನೂ ಒಂದು ಮಾತುಂಟು. ಈ ತೊಡಕಿಗೆ ಉತ್ತರವನ್ನು ಪರದೇಶದಲ್ಲಿ ಹುಡುಕಬೇಕಾಗಿರಲಿಲ್ಲ. ಕೊಜಿಕಿಯಲ್ಲಿಯೇ ಅದು ಎರಡು ಬಗೆಯಾಗಿ ದೊರೆಯುವುದು. ಮೊದಲನೆಯದು ಇಜುಮೊ ನಾಡಿನ ಕಥೆ. ಎಂಟು ತಲೆಯ ಮಹಾಸರ್ಪವೊಂದು ವರ್ಷಕ್ಕೊಬ್ಬಳಂತೆ ಮುದಿ ದಂಪತಿಗಳ ಹೆಣ್ಣುಮಕ್ಕಳನ್ನು ನುಂಗುತ್ತಿತ್ತು. ಎಂಟು ಮಂದಿಯಲ್ಲಿ ಉಳಿದವಳೊಬ್ಬಳು. ಆಗ ಬಂದ ಸುಸಾನೊ ಏನು ಮಾಡಿದನು? ಬೇಲಿಯೊಂದನ್ನು ಕಟ್ಟಿಸಿ, ಅದಕ್ಕೆ ಎಂಟು ಬಾಗಿಲುಗಳನ್ನಿಡಿಸಿ, ಬಾಗಿಲಿಗೊಂದರಂತೆ ಮತ್ತೆ ಮತ್ತೆ ಹುದುಗಿಸಿದ ಮದ್ಯದ ತೊಟ್ಟಿಯನ್ನು ಇರಿಸಿದನು. ಸರ್ಪವು ಒಂದೊಂದು ತೊಟ್ಟಿಗೆ ಒಂದೊಂದು ತಲೆಯನ್ನಿಳಿಸಿ ಕುಡಿದು ಮಲಗಲು, ಅದನ್ನು ತುಂಡುತುಂಡಾಗಿ ಕಡಿದನು. ಇದು ಬಾಹುಬಲದ ಕಥೆಯೆನ್ನುವುದಕ್ಕಿಂತ ತಂತ್ರದ ಕಥೆ: ನೆಲವನ್ನು ಸಿದ್ಧಪಡಿಸಿಕೊಂಡು, ಶತ್ರುವಿನ ಬಲವಾದ ಎಂಟು ತಲೆಗಳನ್ನೇ ಎಂಟು ದೌರ್ಬಲ್ಯಗಳನ್ನಾಗಿ ಮಾಡಿದ ಜಾಣ್ಮೆ. ಬಲಿಯನ್ನು ತಪ್ಪಿಸುವ ವಿದ್ಯೆಯೇ ತಂತ್ರವೆಂದು ಆ ಪ್ರಾಚೀನ ಗ್ರಂಥವು ಸೂಚಿಸುವಂತಿದೆ. ಎರಡನೆಯದು ಓತೊತಾಚಿಬಾನಾ ರಾಣಿಯದು. ಗಂಡನಾದ ಯಾಮಾತೊ ತಾಕೆರು ಎಂಬ ರಾಜಕುಮಾರನ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗುವಂತಾಗಲು, ಆಕೆಯು ತಾನಾಗಿ ಕಡಲಿಗೆ ಇಳಿದಳು, ಅಲೆಗಳು ಶಾಂತವಾದುವು, ಏಳು ದಿನಗಳ ಮೇಲೆ ಆಕೆಯ ಬಾಚಣಿಗೆಯು ದಡಕ್ಕೆ ಬಂದು ಬಿದ್ದಿತು. ತಂತ್ರದಿಂದ ಬಲಿಯನ್ನು ತಪ್ಪಿಸುವುದು, ತಪ್ಪಿಸಲಾಗದಲ್ಲಿ ಇತರರನ್ನು ನೂಕದೆ ತಾನೇ ಇಳಿಯುವುದು: ಕೊಜಿಕಿಯು ಬಲ್ಲ ದಾರಿಗಳು ಇವೆರಡು. ಮೈಲಿಗೆಯ ನಿಯಮದಲ್ಲಿ ಎರಡನೆಯದರ ಮೊಳಕೆಯು ಆಗಲೇ ಇತ್ತು. ಇತರರ ಪೆಟ್ಟನ್ನು ಮೇಲೆಳೆದುಕೊಂಡವನಿಗೆ ಏನಾದರೂ ನಷ್ಟವು ನಿಜವಾಗಿ ಉಳಿಯುವಂತಿದ್ದರೆ ಆ ಮೊಳಕೆಯು ಮರವಾಗುತ್ತಿತ್ತು.

2018ರಲ್ಲಿ ನಿಂಟೆಂಡೊ ಸ್ವಿಚ್ ಯಂತ್ರಕ್ಕಾಗಿ ಈ ಆಟದ ವಿಸ್ತೃತ ಪಾಠವೊಂದು ಬಂದಿತು. ಅದರಲ್ಲಿ ಯೋಮಿಯ ಜಟಿಲಮಾರ್ಗವೆಂಬ ದೊಡ್ಡ ಭಾಗವು ಸೇರಿದೆ. ಕಾಳಗಗಳ ಸಂಖ್ಯೆಯನ್ನು ಬಯಸುವವರಿಗೆ ಅದು ಹಬ್ಬವೇ. ಆದರೆ ಮೂಲದಲ್ಲಿ ಯೋಮಿಯೆಂದರೆ, ಹೋದವರು ಮರಳದ ಲೋಕ. ಇಜಾನಾಗಿಯೂ ಅದರ ಬಾಯಿಗೆ ಬಂಡೆಯನ್ನಿಟ್ಟು, ಬಂಡೆಯ ಈಚೆಗೊಬ್ಬರು ಆಚೆಗೊಬ್ಬರಾಗಿ ಹೆಂಡತಿಯೊಡನೆ ಕೊನೆಯ ಮಾತನಾಡಿ ಬಂದನು. ‘ದಿನಕ್ಕೆ ಸಾವಿರ ಮಂದಿಯನ್ನು ಕೊಲ್ಲುವೆ’ನೆಂದು ಆಕೆ ಹೇಳಲು, ದಿನಕ್ಕೆ ಸಾವಿರದ ಐನೂರು ಹೆರಿಗೆಮನೆಗಳನ್ನು ಕಟ್ಟಿಸುವೆನೆಂದು ಅವನು ಉತ್ತರಿಸಿದನಂತೆ. ಸಾವುಬದುಕುಗಳ ಈ ಮಹಾಲೆಕ್ಕವು ನಡೆದ ಸ್ಥಳದಲ್ಲಿ ಆಟಗಾರನು ಹೋಗಿಬರುತ್ತ ಆಯುಧಗಳನ್ನು ಗಳಿಸುವಂತಾದುದು, ಮೇಲೆ ಹೇಳಿದ ದೋಷದ ಇನ್ನೊಂದು ಮುಖವಷ್ಟೆ.

ಇಷ್ಟಾದರೂ ಈ ಕೃತಿಯನ್ನು ನಿಷ್ಫಲವೆನ್ನುವುದು ಅನ್ಯಾಯವಾದೀತು. ಒಬ್ಬೊಬ್ಬ ವೀರನಿಗೂ ಮುಖ್ಯವೃತ್ತಿ, ಉಪವೃತ್ತಿ, ಅವನಿಗೇ ಮೀಸಲಾದ ವೃತ್ತಿ ಎಂಬ ಮೂರನ್ನು ಒಟ್ಟಿಗೆ ಕೊಟ್ಟು ವಿದ್ಯೆಗಳನ್ನು ಬೆರಸುವ ಕ್ರಮವು ಹಳೆಯ ಆಟಗಳ ರುಚಿಯನ್ನು ಬಲ್ಲವರಿಗೆ ಬಹುಕಾಲದ ಸಂತೋಷವನ್ನು ಕೊಡುವುದು. ತಾಯಿಮಕ್ಕಳ ಕಥೆಯು ಮನಸ್ಸನ್ನು ಕಲಕುವುದು. ಮೈಲಿಗೆಯ ನಿಯಮವೊಂದೇ, ಪುರಾಣವನ್ನು ಆಟದ ಎಲುಬಿನೊಳಗೆ ಇಳಿಸುವುದು ಸಾಧ್ಯವೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲುವುದು. ಮುಂದೆ ಈ ದಾರಿಯಲ್ಲಿ ನಡೆಯುವವರು ಯಾವ ದೇಶದವರೇ ಆಗಲಿ, ದೇವತೆಗಳ ಹೆಸರುಗಳನ್ನು ಕಾಯಿಗಳ ಮೇಲೆ ಕೆತ್ತಿದ ಮಾತ್ರಕ್ಕೆ ತೃಪ್ತರಾಗದೆ, ಆ ದೇವತೆಗಳು ಯಾವ ಸಂಕಟದಿಂದ ಹುಟ್ಟಿದರೋ ಆ ಸಂಕಟವನ್ನೇ ಮಣೆಯ ಮನೆಮನೆಯಲ್ಲಿ ಬಿತ್ತಬೇಕು. ಆಗ ಕಾಯಿಯೊಂದನ್ನು ಮುಂದೆ ನೂಕಲು ಚಾಚಿದ ಕೈಯು ಒಂದು ಕ್ಷಣ ತಡೆಯುವುದು. ಆ ತಡೆಯುವ ಕ್ಷಣವನ್ನು ಉಂಟುಮಾಡುವುದೇ ಈ ಕಲೆಯ ಸಾರ್ಥಕ್ಯ.